ಸತ್ತ್ವವೂ ಮಾತ್ರೆಯೂ

‘ಮಾತ್ರೆ’ ಎಂಬ ಶಬ್ದಕ್ಕೆ ಸಂಸ್ಕೃತದಲ್ಲಿ ಅಳತೆಯೆಂಬುದೇ ಮುಖ್ಯವಾದ ಅರ್ಥ. ಛಂದಸ್ಸಿನಲ್ಲಿ ಅಕ್ಷರೋಚ್ಚಾರದ ಕಾಲದ ಅಳತೆಗೂ, ವೈದ್ಯದಲ್ಲಿ ರೋಗಿಗೆ ಕೊಡತಕ್ಕ ಔಷಧದ ಅಳತೆಗೂ ಅದೇ ಹೆಸರು. ಕನ್ನಡದಲ್ಲಿ ಈ ಶಬ್ದವು ಗುಳಿಗೆಗೇ ಹೆಸರಾಗಿ ನಿಂತಿತು. ಅಂಗಡಿಗೆ ಹೋಗಿ “ತಲೆನೋವಿಗೆ ಒಂದು ಮಾತ್ರೆ ಕೊಡಿ” ಎನ್ನುವವನು ತಾನು ಅಳತೆಯನ್ನು ಬೇಡುತ್ತಿರುವೆನೆಂದು ಭಾವಿಸುವುದಿಲ್ಲ. ಆದರೂ ಅವನು ಬೇಡುವುದು ಅದನ್ನೇ. ಅಳೆಯುವ ಕೆಲಸವನ್ನು ತನಗಿಂತ ಬಲ್ಲವನೊಬ್ಬನು ಸರಿಯಾಗಿ ಮಾಡಿ ಮುಗಿಸಿರುವನೆಂಬ ನಂಬಿಕೆಯಿಂದ ಅದನ್ನು ನುಂಗುತ್ತಾನೆ. ಈ ನಂಬಿಕೆಯನ್ನು ಮುರಿಯುವವನ ದೋಷವು ಎಂತಹುದು, ಕೊಂಡು ಸೇವಿಸಿದವನ ದೋಷದ ಮುಂದೆ ಅದು ಎಷ್ಟು ತೂಕದ್ದು ಎಂಬುದನ್ನು ಇಲ್ಲಿ ವಿಚಾರಿಸಬೇಕೆಂದಿದ್ದೇವೆ.

ನಮ್ಮ ನಾಡಿನ ಒಂದು ಉದಾಹರಣೆಯನ್ನೇ ಮೊದಲು ತೆಗೆದುಕೊಳ್ಳೋಣ. ರಾಯಚೂರಿನ ಕಡೆಯಲ್ಲಿ ಈಚಲು ಮರದಿಂದ ಇಳಿಸುವ ಹೆಂಡಕ್ಕೆ ಸೇಂದಿಯೆಂದು ಹೆಸರು. ಇಳಿಸಿದಾಗ ಸಿಹಿಯಾಗಿರುವ ಆ ರಸವು ಕೆಲವೇ ಗಂಟೆಗಳಲ್ಲಿ ಹುದುಗಿ ಅಮಲನ್ನು ಪಡೆಯುತ್ತದೆ. ಮರುದಿನಕ್ಕೆ ಹುಳಿಯೇರಿ ಬಾಯಿಗಿಡಲು ಬಾರದಂತಾಗುತ್ತದೆ. ಅದರಲ್ಲಿರುವ ಮದ್ಯಸಾರವು ನೂರಕ್ಕೆ ನಾಲ್ಕೈದು ಪಾಲಿನಷ್ಟು. ಹೊಟ್ಟೆ ತುಂಬಿದ ಮೇಲೆ ಕುಡುಕನು ತಾನಾಗಿಯೇ ನಿಲ್ಲಬೇಕು. ಮರವಾದರೂ ತನ್ನ ಋತುವಿನಲ್ಲಿ, ತನ್ನ ಶಕ್ತಿಯಿದ್ದಷ್ಟೇ ಕೊಡುತ್ತದೆ. ಸೇಂದಿಯನ್ನು ಹೊಗಳುವುದು ನಮ್ಮ ಉದ್ದೇಶವಲ್ಲ. ಅದು ಕೆಡಿಸಿದ ಸಂಸಾರಗಳು ಲೆಕ್ಕವಿಲ್ಲದಷ್ಟು. ನಾವು ಹೇಳುವುದಿಷ್ಟೆ: ನಮ್ಮ ಸೂಳೆಕೆರೆಗೆ ಕೋಡಿಯಿರುವಂತೆ, ಸೃಷ್ಟಿಯಲ್ಲಿ ಹುಟ್ಟಿದ ಮಾದಕವಸ್ತುಗಳಲ್ಲಿ ಅನೇಕಕ್ಕೆ ಅವುಗಳದೇ ಆದ ಕೋಡಿಯುಂಟು. ಗಾತ್ರ, ಕಹಿ, ಹುಳಿ, ಅಗಿಯಲು ತಗಲುವ ಹೊತ್ತು, ಇವೆಲ್ಲ ಅಂಥವು. ಮಿತಿಯನ್ನರಿಯದವನಿಗೂ ಅವು ಒಂದು ಮಿತಿಯನ್ನು ಹಾಕುತ್ತವೆ.

ಇನ್ನು ಆ ಪ್ರಾಂತದಲ್ಲಿ ಹಲವು ವರ್ಷಗಳಿಂದ ನಡೆದುಬಂದಿರುವ ಅನಾಹುತವನ್ನು ನೋಡಿರಿ. ಸರಕಾರವು ಸೇಂದಿಯ ಮಾರಾಟವನ್ನು ನಿಲ್ಲಿಸಿದ ಮೇಲೂ ಸೇಂದಿಯೆಂಬ ಹೆಸರು ನಿಲ್ಲಲಿಲ್ಲ. ನೀರಿಗೆ ‘ಸಿ. ಎಚ್. ಪುಡಿ’ಯನ್ನು ಕದಡಿ, ಸಿಹಿಗೆ ಸ್ಯಾಕರಿನ್ ಬೆರಸಿ, ಅದನ್ನೇ ಸೇಂದಿಯೆಂದು ಮಾರುವವರು ಹುಟ್ಟಿಕೊಂಡರು. ಈ ಪುಡಿಯ ಪೂರ್ಣನಾಮ ಕ್ಲೋರಲ್ ಹೈಡ್ರೇಟ್. ಕ್ಲೋರಲನ್ನು ಜರ್ಮನಿಯ ರಸಾಯನಶಾಸ್ತ್ರಜ್ಞನಾದ ಲೀಬಿಗ್ ಎಂಬವನು ೧೮೩೨ರಲ್ಲಿ ಮೊದಲು ಸಿದ್ಧಪಡಿಸಿದನು. ೧೮೬೯ರಲ್ಲಿ ಲೀಬ್‌ರೈಖ್ ಎಂಬ ವಿದ್ವಾಂಸನು ಅದರ ಹೈಡ್ರೇಟ್ ನಿದ್ರೆ ಬರಿಸುವ ಔಷಧವೆಂದು ತೋರಿಸಿದನು. ವೈದ್ಯನ ಕೈಯಲ್ಲಿ ತೂಗಿ ಕೊಡುವಾಗ ಔಷಧವಾಗಿದ್ದ ಅದನ್ನು ಇಲ್ಲಿ ತೂಗುವವರಾರು? ಇಂದಿನ ಲೋಟದಲ್ಲಿ ಎಷ್ಟಿದೆ, ನಾಳಿನದರಲ್ಲಿ ಎಷ್ಟಿರುವುದು ಎಂಬುದು ಕುಡಿಯುವವನಿಗೆ ತಿಳಿಯದು; ಎಷ್ಟೋ ವೇಳೆ ಕಲಸಿದವನಿಗೂ ತಿಳಿಯದು. ಹೊಟ್ಟೆ ತುಂಬುವುದಕ್ಕೆ ಮೊದಲೇ ಪ್ರಜ್ಞೆ ಹೋಗಿರುತ್ತದೆ. ಅಭ್ಯಾಸ ಬಲಿತವನಿಗೆ ಒಮ್ಮೆಗೇ ಅದು ತಪ್ಪಿದರೆ ನಡುಕ, ಚಿತ್ತಭ್ರಮೆ, ಅಪಸ್ಮಾರದಂಥ ಸೆಳವುಗಳು ಕಾಣಿಸಿಕೊಂಡು ಪ್ರಾಣಕ್ಕೂ ಸಂಚಕಾರ ಬರುವುದುಂಟು. ೨೦೧೫ರಲ್ಲಿ ನೆರೆಯ ತೆಲಂಗಾಣದಲ್ಲಿ ಅಧಿಕಾರಿಗಳು ಕಲಬೆರಕೆಯ ಸೇಂದಿಯನ್ನು ಬಿಗಿಯಾಗಿ ತಡೆದಾಗ, ಕುಡಿದು ಅಲ್ಲ, ಕುಡಿಯದೆ ಹೋದುದರಿಂದ ಹಾಸಿಗೆ ಹಿಡಿದವರು ಆಸ್ಪತ್ರೆಗಳನ್ನು ತುಂಬಿದರು.

ಇದು ಓದುಬರಹವಿಲ್ಲದ ಕೂಲಿಗಾರರ ಸಂಗತಿ, ಸುಶಿಕ್ಷಿತರ ದೇಶಗಳಲ್ಲಿ ಹೀಗಾಗದು ಎಂದು ಯಾರಾದರೂ ತಿಳಿದಿದ್ದರೆ ಅವರು ‘ಕ್ರಾಟಂ’ ಎಂಬ ಮರದ ವೃತ್ತಾಂತವನ್ನು ಕೇಳಬೇಕು. ಇದು ನಮ್ಮ ಕದಂಬಕ್ಕೂ ಕಾಫಿಯ ಗಿಡಕ್ಕೂ ಬಂಧುವಾದ ಮರ; ಸಯಾಮ್ ಮತ್ತು ಮಲಯ ದೇಶಗಳಲ್ಲಿ ಬೆಳೆಯುತ್ತದೆ. ಅಲ್ಲಿಯ ಕೂಲಿಗಾರರು ಆಯಾಸ ಕಳೆಯಲು ಇದರ ಕಹಿಯಾದ ಎಲೆಗಳನ್ನು ತಲೆಮಾರುಗಳಿಂದ ಅಗಿಯುತ್ತ ಬಂದಿದ್ದಾರೆ. ಸಯಾಮ್, ಅಂದರೆ ಈಗಿನ ಥಾಯ್ಲೆಂಡ್, ೧೯೪೩ರಲ್ಲಿ ಇದನ್ನು ನಿಷೇಧಿಸಿ ೨೦೨೧ರಲ್ಲಿ ಆ ನಿಷೇಧವನ್ನು ತೆಗೆದುಹಾಕಿತು. ಎಲೆಯ ಮುಖ್ಯಸಾರಕ್ಕೆ ಮಿಟ್ರಾಗೈನಿನ್ ಎಂದು ಹೆಸರು. ಅದರ ಜೊತೆಗೆ ಅತ್ಯಲ್ಪವಾಗಿ, ಸಾರಗಳೆಲ್ಲವನ್ನೂ ಕೂಡಿಸಿದರೆ ನೂರಕ್ಕೆ ಎರಡು ಪಾಲನ್ನು ಮೀರದಷ್ಟು, ೭-ಹೈಡ್ರಾಕ್ಸಿಮಿಟ್ರಾಗೈನಿನ್ ಎಂಬ ಇನ್ನೊಂದಿದೆ. ಇದು ದೇಹದಲ್ಲಿ ಅಫೀಮು ಹಿಡಿಯುವ ಜಾಗವನ್ನೇ ಹಿಡಿಯುತ್ತದೆ, ಮೊದಲನೆಯದಕ್ಕಿಂತ ಬಹಳ ಪ್ರಬಲವಾಗಿ. ಈಗ ಅಮೆರಿಕದ ಅಂಗಡಿಗಳಲ್ಲಿ ಈ ಎರಡನೆಯದನ್ನೇ ರಾಸಾಯನಿಕ ಕ್ರಿಯೆಯಿಂದ ಹೆಚ್ಚಿಸಿ, ಗುಳಿಗೆ ಮಾಡಿ, ಎಲೆಯ ಹೆಸರನ್ನೂ ಚಿತ್ರವನ್ನೂ ಅಂಟಿಸಿ ಮಾರತೊಡಗಿದ್ದಾರೆ. ಇದನ್ನು ನಿಯಂತ್ರಿತದ್ರವ್ಯಗಳ ಪಟ್ಟಿಗೆ ಸೇರಿಸಬೇಕೆಂದು ಅಲ್ಲಿಯ ಆಹಾರ-ಔಷಧ ಇಲಾಖೆಯು ೨೦೨೫ರ ಜುಲೈ ತಿಂಗಳಲ್ಲಿ ಶಿಫಾರಸು ಮಾಡಿತು. ಸ್ವೀಡನ್ ದೇಶದ ಸಂಗತಿಯಂತೂ ಇನ್ನೂ ಘೋರವಾದುದು. ‘ಕ್ರಿಪ್ಟಾನ್’ ಎಂಬ ಹೆಸರಿನಲ್ಲಿ ಮಾರಾಟವಾಗುತ್ತಿದ್ದ ಎಲೆಯ ಪುಡಿಗೆ, ಟ್ರಮಡಾಲ್ ಎಂಬ ನೋವಿನ ಔಷಧದ ಪ್ರಬಲವಾದ ರೂಪಾಂತರವೊಂದನ್ನು ಗುಟ್ಟಾಗಿ ಬೆರಸಿದ್ದರು. ಸುಮಾರು ೨೦೦೯-೧೦ರ ಅವಧಿಯಲ್ಲಿ, ಒಂದು ವರ್ಷವೂ ತುಂಬುವುದರೊಳಗಾಗಿ, ಒಂಬತ್ತು ಮಂದಿ ಸತ್ತರು. ಅವರೆಲ್ಲ ತಾವು ಒಂದು ಮರದ ಎಲೆಯನ್ನು ಸೇವಿಸುತ್ತಿರುವೆವೆಂದೇ ನಂಬಿದ್ದರು.

ಇಲ್ಲಿ ಪೂರ್ವಪಕ್ಷವೊಂದುಂಟು. “ಸತ್ತ್ವವನ್ನು ತೆಗೆಯುವುದು ನಮ್ಮ ವೈದ್ಯರಿಗೆ ಹೊಸದೇ? ಅಮೃತಬಳ್ಳಿಯ ಸತ್ತ್ವವನ್ನು ಅಜ್ಜಿಯರೂ ತೆಗೆಯುತ್ತಿದ್ದರಲ್ಲ!” ಎಂದು. ಹೌದು, ತೆಗೆಯುತ್ತಿದ್ದರು. ಸತ್ತ್ವವನ್ನು ತೆಗೆಯುವುದೇ ಪಾಪವೆಂದು ನಾವು ಹೇಳುವುದಿಲ್ಲ. ಚರಕಸಂಹಿತೆಯ ಸೂತ್ರಸ್ಥಾನದಲ್ಲಿ ಸ್ವರಸ, ಕಲ್ಕ, ಶೃತ, ಶೀತ, ಫಾಂಟ ಎಂದು ಐದು ಬಗೆಯ ಕಷಾಯಗಳನ್ನು ಹೇಳಿ, ಇವುಗಳಲ್ಲಿ ಹಿಂದುಹಿಂದಿನದು ಮುಂದುಮುಂದಿನದಕ್ಕಿಂತ ಬಲವಾದುದೆಂದೂ, ಆದಕಾರಣ ರೋಗದ ಮತ್ತು ರೋಗಿಯ ಬಲವನ್ನು ನೋಡಿ ಯೋಜಿಸಬೇಕೆಂದೂ ವಿಧಿಸಿದೆ. ಪದಾರ್ಥವು ಒಂದೇ ಆಗಿದ್ದರೂ ಹಿಂಡಿದ ರಸವು ಬೇರೆ, ಬಿಸಿನೀರಿನಲ್ಲಿ ನೆನಸಿದ್ದು ಬೇರೆ ಎಂಬುದು ಅವರಿಗೆ ತಿಳಿದಿತ್ತು. ವಸ್ತುವಿನ ಸ್ವಾಭಾವಿಕವಾದ ಕೋಡಿಯನ್ನು ಕಟ್ಟಿಹಾಕಿದ ವೈದ್ಯನು ಏರಿಯ ಮೇಲೆ ತಾನೇ ಕಾವಲು ನಿಲ್ಲುತ್ತಿದ್ದನು. ಈಗಿನವನು ಕೋಡಿಯನ್ನು ಕಟ್ಟಿ, ಹಣವನ್ನೆಣಿಸಿಕೊಂಡು, ಊರು ಬಿಟ್ಟು ಹೋಗುತ್ತಾನೆ. ವ್ಯತ್ಯಾಸವಿರುವುದು ಇಲ್ಲಿಯೇ.

ಎರಡನೆಯ ಆಕ್ಷೇಪವು ಇದಕ್ಕಿಂತ ಗಟ್ಟಿಯಾದುದು: “ಕುಡಿದವನು ತನ್ನ ಇಚ್ಛೆಯಿಂದ ಕುಡಿದನು, ಫಲವನ್ನು ಅವನೇ ಉಣ್ಣಲಿ.” ನ್ಯಾಯಶಾಸ್ತ್ರವನ್ನೋದಿದವರಿಗೆ ವಾಕ್ಛಲದ ಪರಿಚಯವಿರುವುದಷ್ಟೆ. ‘ನವ’ವಾದ ಕಂಬಳಿಯನ್ನು ಹೊದ್ದವನೆಂದು ಒಬ್ಬನು ಹೊಸತೆಂಬ ಅರ್ಥದಲ್ಲಿ ಹೇಳಿದರೆ, ಎದುರಾಳಿಯು ‘ನವ’ವೆಂದರೆ ಒಂಬತ್ತೆಂದು ಹಿಡಿದು ಉಳಿದ ಎಂಟೆಲ್ಲಿ ಎಂದು ಕೇಳುವನಂತೆ. ಸಭೆಯಲ್ಲಿ ಇದು ನಗೆಯ ಮಾತು. ಅಂಗಡಿಯಲ್ಲಿ ಇದೇ ಕೊಲೆಯಾಗಬಲ್ಲುದು. ಕೊಳ್ಳುವವನು ‘ಎಲೆ’ಯೆಂದಾಗ, ‘ಸೇಂದಿ’ಯೆಂದಾಗ, ತಲೆಮಾರುಗಳ ಅನುಭವವಿರುವ ಒಂದು ವಸ್ತುವನ್ನು ಉದ್ದೇಶಿಸುತ್ತಾನೆ. ಮಾರುವವನು ಅದೇ ಶಬ್ದಕ್ಕೆ ಬೇರೆಯ ಅರ್ಥವನ್ನು ಮನಸ್ಸಿನಲ್ಲಿಟ್ಟುಕೊಂಡಿರುತ್ತಾನೆ. ಹಾಲೆಂದು ಹಿಟ್ಟಿನ ನೀರನ್ನು ಕೊಂಡವನು ಹಿಟ್ಟಿನ ನೀರಿಗೆ ಸಮ್ಮತಿಸಿದನೆನ್ನುವುದು ಹೇಗೆ? ಕುಡಿತದ ದೋಷವು ಕುಡಿದವನದು, ಅದನ್ನು ನಾವು ಮನ್ನಿಸುವುದಿಲ್ಲ. ಆದರೆ ಅವನ ಸಾವಿಗೆ ಅವನ ಸಮ್ಮತಿಯಿತ್ತೆಂದು ಸಾಧಿಸಲಾಗದು.

ಹಾಗಾದರೆ ಎಲ್ಲವನ್ನೂ ನಿಷೇಧಿಸಿದರಾಯಿತೆಂದು ಕೆಲವರು ಹೇಳುವರು. ೧೯೮೧ರಲ್ಲಿ ಸಾರಾಯಿಯು ಪರವಾನಗಿಯ ಮೇಲೆ ಮಾರಾಟವಾಗುತ್ತಿದ್ದಾಗಲೇ ಬೆಂಗಳೂರಿನಲ್ಲಿ ಮೆಥನಾಲ್ ಬೆರೆತ ಕಳ್ಳ ಸಾರಾಯಿಯಿಂದ ಮುನ್ನೂರು ಮಂದಿ ಸತ್ತರು. ೨೦೦೭ರ ಜುಲೈಯಲ್ಲಿ ಸಾರಾಯಿಯನ್ನು ನಿಷೇಧಿಸಲಾಯಿತು. ೨೦೦೮ರ ಮೇ ತಿಂಗಳಲ್ಲಿ ಕರ್ನಾಟಕ-ತಮಿಳುನಾಡುಗಳ ಗಡಿಯಲ್ಲಿ ಮತ್ತೆ ನೂರಕ್ಕೂ ಹೆಚ್ಚು ಮಂದಿ ಸತ್ತರು. ಅಪ್ಪಣೆಯಿದ್ದಾಗಲೂ ಸಾವು, ಇಲ್ಲದಾಗಲೂ ಸಾವು. ಎರಡರಲ್ಲಿಯೂ ಸಮಾನವಾಗಿದ್ದುದು ಮರೆಮಾಚುವಿಕೆ. ಕಾನೂನು ಒಂದು ದ್ರವ್ಯವನ್ನು ಹೆಸರಿಸಿ ತಡೆದರೆ, ಅದರ ಅಣುವನ್ನು ಒಂದಿಷ್ಟು ತಿರುಚಿ ಹೊಸ ಹೆಸರಿಟ್ಟು ತರುವವರಿದ್ದಾರೆ. ಆದಕಾರಣ ಒಳಗೇನಿದೆ, ಎಷ್ಟಿದೆ ಎಂಬುದನ್ನು ಸಾಬೀತುಪಡಿಸುವ ಭಾರವನ್ನು ಮಾರುವವನ ಮೇಲೆ ಹೊರಿಸುವುದೇ ನಿಷೇಧದ ಪಟ್ಟಿಯನ್ನು ಬೆಳಸುವುದಕ್ಕಿಂತ ಮೇಲೆಂದು ನಮ್ಮ ಅಭಿಪ್ರಾಯ.

ತ್ಯಾವಣಿಗೆಯಲ್ಲಿ ಕುಳಿತು ರಾಯಚೂರಿಗೂ ಸ್ವೀಡನ್ನಿಗೂ ಬುದ್ಧಿ ಹೇಳುವುದು ಸುಲಭ. ಆದರೆ ಚನ್ನಗಿರಿಯ ಸೀಮೆಯು ಅಡಕೆಯಿಂದ ಬದುಕುವ ಸೀಮೆ. ತಟ್ಟೆಯಲ್ಲಿ ಎಲೆ, ಅಡಕೆ, ಸುಣ್ಣ ಬೇರೆಬೇರೆಯಾಗಿರುತ್ತವೆ. ಮೆಲ್ಲುವವನು ಕಣ್ಣಾರೆ ಕಂಡು ಕೈಯಾರೆ ಸವರಿಕೊಳ್ಳುತ್ತಾನೆ. ಅದೂ ನಿರ್ದೋಷವಾದುದಲ್ಲ: ಅಡಕೆಯು ತಾನೇ ಅರ್ಬುದಕಾರಕವೆಂದು ವಿಶ್ವ ಆರೋಗ್ಯ ಸಂಸ್ಥೆಯ ಅರ್ಬುದಸಂಶೋಧನಾ ಮಂಡಲಿಯು ೨೦೦೪ರಲ್ಲಿ ಪ್ರಕಟಿಸಿದೆ. ಈ ಮಾತು ನಮಗೆ ಹಿತವಲ್ಲವೆಂದ ಮಾತ್ರಕ್ಕೆ ಸುಳ್ಳಾಗದು. ಆದರೆ ಪೊಟ್ಟಣದ ಗುಟಕಾ ಎಂಬುದರಲ್ಲಿ ತಟ್ಟೆಯೂ ಇಲ್ಲ, ಕೈಯೂ ಇಲ್ಲ. ಹೊಗೆಸೊಪ್ಪು, ಸುಗಂಧ ಮೊದಲಾದುವೆಲ್ಲ ಪುಡಿಯಾಗಿ ಕಲೆತು ಹರಿದೊಡನೆ ಬಾಯಿಗೆ ಬೀಳುತ್ತದೆ. ನಮ್ಮ ಉಪಾಧ್ಯಾಯವೃತ್ತಿಯ ಕೊನೆಯ ವರ್ಷಗಳಲ್ಲಿ ಮೀಸೆ ಮೂಡದ ಹುಡುಗರ ಜೇಬುಗಳಿಂದ ಇಂತಹ ಪೊಟ್ಟಣಗಳನ್ನು ಎಷ್ಟು ತೆಗೆಸಿದೆವೋ! ಬಾಯಿ ತೆರೆಯಲಾಗದಂತೆ ಕೆನ್ನೆಯ ಒಳಚರ್ಮವು ಬಿಗಿಯುವ ರೋಗವು ಈ ಚಟದವರಲ್ಲಿ ಎಳೆಯ ವಯಸ್ಸಿನಲ್ಲಿಯೇ ಕಾಣುತ್ತದೆ. ೨೦೧೩ರ ಮೇ ತಿಂಗಳ ಕೊನೆಯಲ್ಲಿ ನಮ್ಮ ರಾಜ್ಯವು ಗುಟಕಾವನ್ನು ನಿಷೇಧಿಸಿತು. ಬೇಗನೆಯೇ ಅಡಕೆಯದೊಂದು, ಹೊಗೆಸೊಪ್ಪಿನದೊಂದು, ಹೀಗೆ ಜೋಡಿ ಪೊಟ್ಟಣಗಳು ಬಂದವು. ಅಂಗಡಿಯವನು ಎರಡನ್ನೂ ಒಟ್ಟಿಗೇ ಕೊಡುತ್ತಾನೆ.

ಇಲ್ಲಿಯ ಕಣಗಳಲ್ಲಿ ಚೊಗರಿನಲ್ಲಿ ಬೇಯಿಸಿ ಒಣಗಿಸಿದ ರಾಶಿ ಅಡಕೆಯ ಬಹುಭಾಗವು ಪಾನ್ ಮಸಾಲೆಯನ್ನೂ ಗುಟಕಾವನ್ನೂ ಮಾಡುವ ಉತ್ತರದೇಶದ ಕಾರ್ಖಾನೆಗಳಿಗೇ ಹೋಗುವುದೆಂದು ಬೆಳೆಗಾರರೆಲ್ಲರೂ ಬಲ್ಲರು. ಬೆಳೆಗಾರನು ಏನನ್ನೂ ಮರೆಮಾಚಿಲ್ಲ. ಅಡಕೆಯನ್ನು ಅಡಕೆಯೆಂದೇ ಮಾರಿದ್ದಾನೆ. ಆದುದರಿಂದ ಪೊಟ್ಟಣ ಮಾಡುವವನ ದೋಷವನ್ನು ಅವನ ತಲೆಗೆ ಕಟ್ಟುವುದು ಅನ್ಯಾಯ. ಆದರೆ ಧಾರಣೆ ಏರಿದ ವರ್ಷ ಹೊಸ ಮನೆ ಕಟ್ಟಿಸಿ ಗೃಹಪ್ರವೇಶ ಮಾಡುವಾಗ, ಆ ಏರಿಕೆಯು ಯಾರ ಬಾಯಿಯ ಬೇಡಿಕೆಯಿಂದ ಬಂದಿತೆಂದು ಕೇಳುವ ಮಗನು ಆ ಮನೆಯಲ್ಲಿದ್ದರೆ, “ಅದು ನಮಗೆ ಸಂಬಂಧಿಸಿದ್ದಲ್ಲ, ಸುಮ್ಮನಿರು” ಎಂದು ತಂದೆಯು ಹೇಳಬಾರದು.