ನಾವು ಆರಿಸದ ಒಡನಾಡಿಗಳು

ಬಲಿಪೂಜೆಯ ಆರಂಭದಲ್ಲಿ ಗುರುಗಳು ಕ್ರಿಸ್ತರ ಕೃಪೆ, ದೇವರ ಪ್ರೀತಿ, ಪವಿತ್ರಾತ್ಮರ ಅನ್ಯೋನ್ಯತೆ ಈ ಮೂರನ್ನೂ ನಮಗೆ ಹಾರೈಸುತ್ತಾರೆ. ಸಂತ ಪೌಲರು ಕೊರಿಂಥದವರಿಗೆ ಬರೆದ ಎರಡನೆಯ ಪತ್ರದ ಕೊನೆಯಲ್ಲಿ ಬರುವ ಹಾರೈಕೆ ಇದು. ಕೃಪೆ ಎಂದರೇನು, ಪ್ರೀತಿ ಎಂದರೇನು ಎಂದು ಕೇಳಿದರೆ ಧರ್ಮೋಪದೇಶಕ್ಕೆ ಬರುವ ಮಗುವೂ ಏನಾದರೂ ಹೇಳೀತು. ಅನ್ಯೋನ್ಯತೆ ಎಂದರೇನು ಎಂದು ಕೇಳಿದರೆ ದೊಡ್ಡವರಾದ ನಾವೇ ತಡವರಿಸುತ್ತೇವೆ. ಗಂಡ ಹೆಂಡತಿ ಅನ್ಯೋನ್ಯವಾಗಿದ್ದಾರೆ ಎನ್ನುವುದು ನಮ್ಮ ಮಾತಿನಲ್ಲಿ ರೂಢಿ. ಆಪ್ತರ ನಡುವಿನ ಹೊಂದಾಣಿಕೆ ಎಂಬುದೇ ನಮಗೆ ತಿಳಿದ ಅರ್ಥ. ಆದರೆ ದೇವಾಲಯದಲ್ಲಿ ನಮ್ಮ ಪಕ್ಕದಲ್ಲೇ ಕುಳಿತವರ ಹೆಸರು ಎಷ್ಟೋ ಸಲ ನಮಗೆ ಗೊತ್ತಿರುವುದಿಲ್ಲ. ಹಾಗಾದರೆ ಗುರುಗಳು ಹಾರೈಸಿದ್ದು ಯಾವ ಅನ್ಯೋನ್ಯತೆಯನ್ನು?

ಮೊದಲು ಬದುಕಿನ ಮಾತು. ಇಲ್ಲಿ ಒಡನಾಟ ಹುಟ್ಟುವುದು ಮನಸ್ಸು ಒಪ್ಪಿದವರ ಜೊತೆ. ಒಂದೇ ಶಾಲೆ, ಒಂದೇ ಕೆಲಸ, ಒಂದೇ ಅಭಿರುಚಿ ಗೆಳೆಯರನ್ನು ಕೂಡಿಸುತ್ತವೆ. ಇದು ದೇವರ ದೊಡ್ಡ ವರ. ಇಂಗ್ಲೆಂಡಿನ ಕಥೋಲಿಕ ಲೇಖಕ ಜೆ.ಆರ್.ಆರ್. ಟೋಲ್ಕಿನ್ ಅವರ ಜೀವನವನ್ನೇ ನೋಡೋಣ. ತಂದೆ ತೀರಿಕೊಂಡ ಮೇಲೆ, 1900ರಲ್ಲಿ ಅವರ ತಾಯಿ ಕಥೋಲಿಕ ಧರ್ಮಸಭೆಯನ್ನು ಸೇರಿದರು. ಇದರಿಂದ ಸಿಟ್ಟಾದ ಬಂಧುಗಳು ದೂರ ಸರಿದರು. 1904ರಲ್ಲಿ ತಾಯಿಯೂ ತೀರಿಕೊಂಡಾಗ, ಅನಾಥರಾದ ಇಬ್ಬರು ಹುಡುಗರ ಪೋಷಣೆಯ ಹೊಣೆ ಹೊತ್ತವರು ಫ್ರಾನ್ಸಿಸ್ ಮೋರ್ಗನ್ ಎಂಬ ಗುರುಗಳು. ರಕ್ತಸಂಬಂಧ ಬಿಟ್ಟ ಕಡೆ ವಿಶ್ವಾಸದ ಸಂಬಂಧ ಕೈಹಿಡಿಯಿತು.

ಶಾಲೆಯಲ್ಲಿ ಟೋಲ್ಕಿನ್ ಅವರಿಗೆ ಮೂವರು ಆಪ್ತ ಗೆಳೆಯರಿದ್ದರು. ಮೊದಲ ಮಹಾಯುದ್ಧ ನಾಲ್ವರನ್ನೂ ಎಳೆದುಕೊಂಡಿತು. 1916ರ ಜುಲೈ 1ರಂದು, ಸೊಮ್ ಕದನದ ಮೊದಲ ದಿನವೇ ಒಬ್ಬರು ಸತ್ತರು. ಅದೇ ಡಿಸೆಂಬರಿನಲ್ಲಿ ಇನ್ನೊಬ್ಬರು. ಮುಂದೆ ಆಕ್ಸ್‌ಫರ್ಡ್‌ನಲ್ಲಿ ಪ್ರಾಧ್ಯಾಪಕರಾದಾಗ ಅವರಿಗೆ ಸಿ.ಎಸ್. ಲೂಯಿಸ್ ಗೆಳೆಯರಾದರು. ಲೂಯಿಸ್ ಬೆಲ್‌ಫಾಸ್ಟ್‌ನ ಪ್ರೊಟೆಸ್ಟಂಟ್ ಮನೆತನದವರು. ಕಥೋಲಿಕರನ್ನು ನಂಬಬಾರದು, ಭಾಷಾವಿದ್ವಾಂಸರನ್ನೂ ನಂಬಬಾರದು ಎಂದು ತಮಗೆ ಎಚ್ಚರಿಕೆ ಕೊಟ್ಟಿದ್ದರೆಂದೂ ಟೋಲ್ಕಿನ್ ಈ ಎರಡೂ ಆಗಿದ್ದರೆಂದೂ ಅವರೇ ತಮಾಷೆಯಾಗಿ ನೆನೆಸಿಕೊಂಡಿದ್ದಾರೆ. 1931ರ ಸೆಪ್ಟೆಂಬರಿನ ಒಂದು ರಾತ್ರಿ ಟೋಲ್ಕಿನ್ ಮತ್ತು ಇನ್ನೊಬ್ಬ ಸ್ನೇಹಿತರೊಂದಿಗೆ ನಡೆದ ದೀರ್ಘ ಮಾತುಕತೆ ಲೂಯಿಸರನ್ನು ಕ್ರಿಸ್ತವಿಶ್ವಾಸದ ಹತ್ತಿರಕ್ಕೆ ತಂದಿತು. ಅವರು ಆಂಗ್ಲಿಕನ್ ಸಭೆಯಲ್ಲೇ ಉಳಿದರು, ಗೆಳೆತನವೂ ಉಳಿಯಿತು.

ಇದೇ ಲೂಯಿಸ್ 1960ರಲ್ಲಿ ಪ್ರೀತಿಯ ನಾಲ್ಕು ಬಗೆಗಳ ಕುರಿತು ಬರೆದ ಪುಸ್ತಕದಲ್ಲಿ ಸ್ನೇಹವನ್ನು ಮನಸಾರೆ ಹೊಗಳಿ, ಅದರ ಅಪಾಯವನ್ನೂ ಹೇಳಿದ್ದಾರೆ. ಗೆಳೆಯರ ಬಳಗ ಹೊರಗಿನವರ ಮಾತಿಗೆ ಕಿವುಡಾಗಬಹುದು. ನಾವು ಬೇರೆ, ಅವರು ಬೇರೆ ಎಂಬ ಅಹಂಕಾರ ಅದರೊಳಗೆ ಸದ್ದಿಲ್ಲದೆ ಬೆಳೆಯಬಹುದು. ನಾವು ಆರಿಸಿಕೊಂಡ ಬಳಗಕ್ಕೆ ಯಾವಾಗಲೂ ಒಂದು ಬಾಗಿಲಿರುತ್ತದೆ, ಅದರ ಚಿಲಕ ನಮ್ಮ ಕೈಯಲ್ಲೇ ಇರುತ್ತದೆ.

ಇನ್ನು ಕಥೆಯ ಮಾತು. 1954ರಲ್ಲಿ ಪ್ರಕಟವಾದ ಟೋಲ್ಕಿನ್ ಅವರ ಮಹಾಕಾದಂಬರಿಯ ಮೊದಲ ಸಂಪುಟದ ಹೆಸರಿನಲ್ಲೇ ಒಡನಾಟವಿದೆ: ಉಂಗುರದ ಒಡನಾಡಿಗಳು. 2001ರಲ್ಲಿ ಅದು ಚಲನಚಿತ್ರವಾಯಿತು, ನಮ್ಮ ಮಕ್ಕಳಲ್ಲಿ ಅನೇಕರು ನೋಡಿದ್ದಾರೆ. ಕೇಡಿನ ಉಂಗುರವನ್ನು ನಾಶಮಾಡಲು ಹೊರಟ ಒಂಬತ್ತು ಜನರ ಕಥೆ ಅದು. ಇವರು ಒಬ್ಬರನ್ನೊಬ್ಬರು ಮೆಚ್ಚಿ ಕೂಡಿದವರಲ್ಲ. ನಾಲ್ವರು ಹಾಬಿಟ್ ಎಂಬ ಗಿಡ್ಡ ಜನ, ಇಬ್ಬರು ಮನುಷ್ಯರು, ಒಬ್ಬ ಮಾಂತ್ರಿಕ, ಎಲ್ಫ್ ಕುಲದ ಲೆಗೊಲಾಸ್, ಕುಳ್ಳರ ಕುಲದ ಗಿಮ್ಲಿ. ಕೊನೆಯ ಇಬ್ಬರ ಕುಲಗಳಿಗೆ ತಲೆತಲಾಂತರದ ಹಗೆ. ಹೊರಡುವಾಗ ಕೊನೆಯ ತನಕ ಬರಲೇಬೇಕೆಂಬ ಆಣೆಯನ್ನು ಒಡನಾಡಿಗಳ ಮೇಲೆ ಯಾರೂ ಹೊರಿಸುವುದಿಲ್ಲ.

ದಾರಿಯಲ್ಲಿ ಎಲ್ಫ್‌ಗಳ ಕಾಡಿನ ಕಾವಲುಗಾರರು, ಕುಳ್ಳನಾದ ಗಿಮ್ಲಿಯ ಕಣ್ಣಿಗೆ ಮಾತ್ರ ಬಟ್ಟೆ ಕಟ್ಟಬೇಕೆಂದು ಹಟ ಹಿಡಿಯುತ್ತಾರೆ. ಗಿಮ್ಲಿ ಸಿಡಿಯುತ್ತಾನೆ. ಆಗ ನಾಯಕ ಅರಗಾರ್ನ್ ಒಂದು ಉಪಾಯ ಹೇಳುತ್ತಾನೆ: ಕಟ್ಟುವುದಾದರೆ ಎಲ್ಲರ ಕಣ್ಣಿಗೂ ಕಟ್ಟಿ. ತನ್ನದೇ ಕುಲದವರ ಕಾಡಿನಲ್ಲಿ ಲೆಗೊಲಾಸ್ ಕೂಡ ಕಣ್ಣು ಕಟ್ಟಿಸಿಕೊಂಡು ನಡೆಯಬೇಕಾಗುತ್ತದೆ. ಅವನಿಗದು ಇಷ್ಟವಿಲ್ಲ, ಆದರೂ ನಡೆಯುತ್ತಾನೆ. ಒಬ್ಬನ ಅವಮಾನವನ್ನು ಎಲ್ಲರೂ ಹಂಚಿಕೊಂಡಾಗ ಅದು ಅವಮಾನವಾಗಿ ಉಳಿಯುವುದಿಲ್ಲ. ಮುಂದೆ ಅವರಿಬ್ಬರು ಅಗಲದ ಗೆಳೆಯರಾಗುತ್ತಾರೆ.

ಆ ಬಳಗದಲ್ಲಿ ಎಡವಿದವನೂ ಇದ್ದಾನೆ. ಬೊರೊಮಿರ್ ಎಂಬ ವೀರ ಉಂಗುರದ ಆಸೆಗೆ ಬಿದ್ದು, ಅದನ್ನು ಹೊತ್ತ ಫ್ರೋಡೊನ ಮೇಲೆ ಎರಗುತ್ತಾನೆ. ಬಳಿಕ ಪಶ್ಚಾತ್ತಾಪಪಟ್ಟು, ಇಬ್ಬರು ಹಾಬಿಟ್‌ಗಳನ್ನು ಕಾಪಾಡಲು ಹೋರಾಡಿ ಸಾಯುತ್ತಾನೆ. ಸಾಯುವ ಮುನ್ನ ಅರಗಾರ್ನ್‌ನ ಮುಂದೆ ತಪ್ಪೊಪ್ಪಿಕೊಳ್ಳುತ್ತಾನೆ. ಅರಗಾರ್ನ್ ಅವನನ್ನು ಜರೆಯುವುದಿಲ್ಲ, ಆ ತಪ್ಪನ್ನು ಉಳಿದವರ ಮುಂದೆ ಬಿಚ್ಚಿಡುವುದೂ ಇಲ್ಲ. ಶತ್ರುವನ್ನು ಬೆನ್ನಟ್ಟುವ ಅವಸರವಿದ್ದರೂ ಮೂವರು ಸೇರಿ ಅವನಿಗೆ ಗೌರವದ ಅಂತ್ಯಸಂಸ್ಕಾರ ಮಾಡಿ ಮುಂದೆ ಹೋಗುತ್ತಾರೆ. ಬಳಗ ಒಡೆದ ದಿನವೇ ಒಡನಾಟ ಎಂದರೇನೆಂದು ನಮಗೆ ಕಾಣುತ್ತದೆ.

ಕಥೆ ತೋರಿಸಿದ್ದನ್ನು ವಿಶ್ವಾಸ ನಮ್ಮಿಂದ ಕೇಳುತ್ತದೆ. ಯೇಸುಸ್ವಾಮಿಯ ಹನ್ನೆರಡು ಮಂದಿ ಪ್ರೇಷಿತರನ್ನು ನೋಡಿ. ಆಳುವವರ ಪರವಾಗಿ ಸುಂಕ ವಸೂಲಿ ಮಾಡುತ್ತಿದ್ದ ಮತ್ತಾಯನೂ ದೇಶಾಭಿಮಾನಿ ಎನಿಸಿಕೊಂಡ ಸಿಮೋನನೂ ಒಂದೇ ಪಂಕ್ತಿಯಲ್ಲಿ ಕುಳಿತರು. ಅವರು ಒಬ್ಬರನ್ನೊಬ್ಬರು ಆರಿಸಿಕೊಳ್ಳಲಿಲ್ಲ, ಇಬ್ಬರನ್ನೂ ಸ್ವಾಮಿಯೇ ಆರಿಸಿದರು. ಮೂರು ಸಲ ಗುರುವನ್ನೇ ಅರಿಯೆನೆಂದ ಪೇತ್ರನೂ ಆ ಪಂಕ್ತಿಗೆ ಮರಳಿ ಬಂದ.

ನಾವು ಅನ್ಯೋನ್ಯತೆ ಎನ್ನುವ ಮಾತಿಗೆ ಹೊಸ ಒಡಂಬಡಿಕೆಯ ಗ್ರೀಕ್ ಮೂಲದಲ್ಲಿ 'ಕೊಯ್ನೋನಿಯ' ಎಂಬ ಪದವಿದೆ. ಪಾಲುಗೊಳ್ಳುವುದು, ಪಾಲು ಕೊಡುವುದು ಎಂಬುದು ಅದರ ತಿರುಳು. ಕ್ರಿಸ್ತರ ಶರೀರದಲ್ಲಿ, ರಕ್ತದಲ್ಲಿ ನಾವು ಪಾಲುಗೊಳ್ಳುತ್ತೇವೆ ಎನ್ನುವಾಗ ಸಂತ ಪೌಲರು ಈ ಪದವನ್ನೇ ಬಳಸುತ್ತಾರೆ. ಜೆರುಸಲೇಮಿನ ಬಡವರಿಗಾಗಿ ಮಕೆದೋನಿಯ ಮತ್ತು ಅಖಾಯದ ವಿಶ್ವಾಸಿಗಳು ಕೂಡಿಸಿದ ಹಣಕ್ಕೂ, ರೋಮನರಿಗೆ ಬರೆದ ಪತ್ರದಲ್ಲಿ, ಅವರು ಬಳಸಿದ್ದು ಇದೇ ಪದ. ಪರಮಪ್ರಸಾದಕ್ಕೂ ಬಡವರ ಪಾಲಿಗೂ ಒಂದೇ ಮಾತು! ಅದಕ್ಕೇ ಕೊರಿಂಥದಲ್ಲಿ ಉಳ್ಳವರು ಮೊದಲೇ ಉಂಡು ಕುಡಿದು, ಇಲ್ಲದವರು ಹಸಿದುಕೊಂಡೇ ಉಳಿದಾಗ, ನೀವು ಉಣ್ಣುತ್ತಿರುವುದು ಪ್ರಭುವಿನ ಭೋಜನವೇ ಅಲ್ಲ ಎಂದು ಪೌಲರು ಖಂಡಿಸಿದರು. ಆ ಜನ ಪ್ರಾರ್ಥನೆ ಬಿಟ್ಟಿರಲಿಲ್ಲ, ಕೂಟಕ್ಕೂ ತಪ್ಪಿಸಿರಲಿಲ್ಲ. ಒಬ್ಬರಿಗಾಗಿ ಒಬ್ಬರು ಕಾಯಲಿಲ್ಲ, ಅಷ್ಟೇ.

ಪ್ರಿಯ ಓದುಗರೇ, ಈಗ ನಮ್ಮ ಕಡೆ ತಿರುಗೋಣ. ಭಾರತದ ಕಥೋಲಿಕ ಧರ್ಮಾಧ್ಯಕ್ಷರ ಮಂಡಳಿಯು 2016ರಲ್ಲಿ ದಲಿತ ಸಬಲೀಕರಣದ ಕುರಿತು ಒಂದು ನೀತಿಯನ್ನು ಹೊರತಂದಿತು. ಜಾತಿಭೇದ ನಮ್ಮ ಧರ್ಮಸಭೆಯೊಳಗೂ ಇದೆ, ಅದು ಪಾಪ ಎಂದು ಒಪ್ಪಿಕೊಂಡಿತು. ಬೆಂಗಳೂರಿನ ಅನೇಕ ದೇವಾಲಯಗಳಲ್ಲಿ ಒಂದೇ ಭಾನುವಾರ ಕನ್ನಡ, ತಮಿಳು, ಇಂಗ್ಲಿಷ್ ಬಲಿಪೂಜೆಗಳು ಬೇರೆ ಬೇರೆ ಹೊತ್ತಿಗೆ ನಡೆಯುತ್ತವೆ. ತಾಯ್ನುಡಿಯಲ್ಲಿ ಪ್ರಾರ್ಥಿಸುವುದು ತಪ್ಪಲ್ಲ, ಅದು ನಮ್ಮ ಹಕ್ಕು. ಆದರೆ ಮೊದಲ ಪೂಜೆ ಮುಗಿಸಿ ಬರುವವರೂ ಎರಡನೆಯ ಪೂಜೆಗೆ ಹೋಗುವವರೂ ಅಂಗಳದಲ್ಲಿ ಮುಖ ನೋಡದೆ ದಾಟಿದರೆ, ನಾವು ಸ್ವೀಕರಿಸಿದ ಒಂದೇ ರೊಟ್ಟಿಗೆ ಏನು ಅರ್ಥ? ನಮ್ಮ ಮದುವೆಯೂಟದ ಪಂಕ್ತಿಯಲ್ಲಿ, ಭಕ್ತಕೂಟದ ಪದಾಧಿಕಾರಿಗಳ ಪಟ್ಟಿಯಲ್ಲಿ ಯಾರಿದ್ದಾರೆ, ಯಾರಿಲ್ಲ? ಇಲ್ಲದವರ ಕಣ್ಣಿಗೆ ಬಟ್ಟೆ ಕಟ್ಟಿದವರು ಯಾರು?

ಎಲ್ಲರೂ ಎಲ್ಲರಿಗೂ ಆಪ್ತರಾಗಬೇಕೆಂದು ವಿಶ್ವಾಸ ಕೇಳುವುದಿಲ್ಲ, ಅದು ಸಾಧ್ಯವೂ ಅಲ್ಲ. ಮನಸ್ಸಿನ ಸ್ನೇಹ ಬೆಳೆಯುತ್ತದೆ, ಬಾಡುತ್ತದೆ. ಟೋಲ್ಕಿನ್ ಮತ್ತು ಲೂಯಿಸರ ಗೆಳೆತನವೂ ಕೊನೆಯ ವರ್ಷಗಳಲ್ಲಿ ಮೊದಲಿನ ಬಿಸುಪು ಕಳೆದುಕೊಂಡಿತ್ತು. ಆದರೂ 1963ರ ನವೆಂಬರಿನಲ್ಲಿ ಲೂಯಿಸ್ ತೀರಿಕೊಂಡಾಗ, ಬೇರೆ ಸಭೆಯವರಾದ ಆ ಗೆಳೆಯನಿಗಾಗಿ ಟೋಲ್ಕಿನ್ ಬಲಿಪೂಜೆ ಅರ್ಪಿಸುವಂತೆ ಕೇಳಿಕೊಂಡರು. ಎಪ್ಪತ್ತೊಂದು ವರ್ಷದ ಆ ಪ್ರಾಧ್ಯಾಪಕರು ಪೀಠಬಾಲಕರ ಕೆಲಸ ಮಾಡುತ್ತಾ ತಾವೇ ಗುರುಗಳಿಗೆ ನೆರವಾದರು. ಸ್ನೇಹ ಸಡಿಲವಾದ ಕಡೆ ಅನ್ಯೋನ್ಯತೆ ಗಟ್ಟಿಯಾಗಿ ನಿಂತಿತು.

ನಾವು ಆರಿಸಿಕೊಂಡವರು ನಮ್ಮ ಸ್ನೇಹಿತರು. ದೇವರು ಆರಿಸಿ ನಮ್ಮ ಪಕ್ಕದಲ್ಲಿ ಕೂರಿಸಿದವರು ನಮ್ಮ ಸಹೋದರ ಸಹೋದರಿಯರು. ಪವಿತ್ರಾತ್ಮರ ಅನ್ಯೋನ್ಯತೆ ಎಂಬ ಮಾತು ಮುಂದಿನ ಭಾನುವಾರ ಕಿವಿಗೆ ಬಿದ್ದಾಗ, ಪಕ್ಕದವರ ಕಡೆ ಒಮ್ಮೆ ನೋಡೋಣ. ಪೂಜೆ ಮುಗಿದ ಮೇಲೆ ಅವರ ಹೆಸರು ಕೇಳೋಣ. ಮುಂದಿನ ಹಬ್ಬದ ಊಟಕ್ಕೆ ಅವರಿಗಾಗಿ ಕಾಯೋಣ.