ಚೀಟಿ, ಶ್ರೇಯಾಂಕ ಮತ್ತು ಇನ್ಸಾಫ್

ಉರ್ದುವಿನಲ್ಲಿ ನ್ಯಾಯಕ್ಕೆ ನಾವು ದಿನವೂ ಬಳಸುವ ಮಾತು ಇನ್ಸಾಫ್. ಅದು ಅರಬಿಯಿಂದ ಬಂದ ಪದ. ಅರ್ಧ ಎಂಬ ಅರ್ಥದ ನಿಸ್ಫ್ ಕೂಡ ಅದೇ ಧಾತುವಿಗೆ ಸೇರಿದ್ದು. ನಡುವೆ ಸರಿಯಾಗಿ ಗೆರೆ ಎಳೆದು ಇದು ನಿನ್ನದು, ಇದು ನನ್ನದು ಎಂದು ಹಂಚಿಕೊಳ್ಳುವುದೇ ನ್ಯಾಯದ ಮೊದಲ ಪಾಠವಿರಬೇಕು. ಆದರೆ ಪಾಲಿಗೆ ಬಂದವರಲ್ಲಿ ಒಬ್ಬ ಹತ್ತು ವರ್ಷದಿಂದ ಗೆಲ್ಲುತ್ತಾ ಬಂದವನು, ಇನ್ನೊಬ್ಬ ನಿನ್ನೆ ಬಂದವನಾಗಿದ್ದರೆ? ಆಗಲೂ ಅರ್ಧರ್ಧವೇ ನ್ಯಾಯವೇ? ಈ ಪ್ರಶ್ನೆ ಬಹಿರಂಗವಾಗಿ, ಕೋಟ್ಯಂತರ ಜನರ ಕಣ್ಣೆದುರು ಪ್ರತಿ ವರ್ಷ ಏಳುವ ಒಂದು ಜಾಗವಿದೆ. ಅದು ಹಲವು ದೇಶಗಳ ಕ್ಲಬ್ಬುಗಳು ಸೇರಿ ಆಡುವ ಫುಟ್‌ಬಾಲ್ ಟೂರ್ನಿ.

1978ರ ಯುರೋಪಿಯನ್ ಕಪ್ಪನ್ನು ನೋಡಿ. ಸತತ ಎರಡು ವರ್ಷ ಕಪ್ ಗೆದ್ದಿದ್ದ ಲಿವರ್‌ಪೂಲ್‌ಗೆ ಮೊದಲ ಸುತ್ತಿನಲ್ಲೇ ಇಂಗ್ಲೆಂಡಿನದೇ ಚಾಂಪಿಯನ್ ನಾಟಿಂಗ್‌ಹ್ಯಾಮ್ ಫಾರೆಸ್ಟ್ ಎದುರಾಯಿತು. ದೊಡ್ಡವರನ್ನು ಮೊದಲ ಸುತ್ತಿನಲ್ಲಿ ಬೇರೆ ಬೇರೆ ಕೂರಿಸುವ ರಕ್ಷಣೆ ಅಲ್ಲಿ ಕೆಲಸ ಮಾಡಲಿಲ್ಲ. ಲಿವರ್‌ಪೂಲ್ ಹೊರಬಿತ್ತು. ಫಾರೆಸ್ಟ್ 1979ರ ಮೇ ತಿಂಗಳಲ್ಲಿ ಮ್ಯೂನಿಕ್‌ನಲ್ಲಿ ಕಪ್ ಎತ್ತಿತು. ಟೂರ್ನಿಯ ಎರಡು ಬಲಾಢ್ಯ ತಂಡಗಳಲ್ಲಿ ಒಂದು ಮೊದಲ ಸುತ್ತಿಗೇ ಮನೆಗೆ ಹೋಗಿ, ಅದಕ್ಕಿಂತ ಸಾಧಾರಣ ತಂಡಗಳು ಮುಂದೆ ಸಾಗಿದ್ದು ನ್ಯಾಯವೇ ಎಂದು ಕೇಳಿದರೆ ಸುಲಭದ ಉತ್ತರವಿಲ್ಲ.

ಶ್ರೇಯಾಂಕ ಹುಟ್ಟುವುದು ಈ ಸಂಕಟದಿಂದಲೇ. ಹಿಂದಿನ ವರ್ಷಗಳ ಫಲಿತಾಂಶ ಲೆಕ್ಕ ಹಾಕಿ ಬಲಿಷ್ಠರನ್ನು ಬೇರೆ ಬೇರೆ ಕಡೆ ಕೂರಿಸುತ್ತಾರೆ, ಅವರು ಬೇಗನೆ ಪರಸ್ಪರ ಎದುರಾಗದಿರಲಿ ಎಂದು. ಇದನ್ನು ಶ್ರೀಮಂತರ ಕುತಂತ್ರ ಎಂದು ತಳ್ಳಿಹಾಕುವುದು ಸರಿಯಲ್ಲ. ದುಡಿದು ಗಳಿಸಿದ ಹೆಸರಿಗೆ ಯಾವ ಬೆಲೆಯೂ ಇಲ್ಲದಿದ್ದರೆ ಅದೂ ಅನ್ಯಾಯವೇ. ಎರಡನೇ ಸ್ಥಾನಕ್ಕೆ ಯೋಗ್ಯನಾದವನು ಚೀಟಿಯ ಆಟದಲ್ಲಿ ಮೂವತ್ತನೆಯವನಾಗಬಾರದಲ್ಲ!

ಚೀಟಿಗೂ ತನ್ನದೇ ನ್ಯಾಯವಿದೆ. ಮರ್ಯಮರ ಪಾಲನೆಯ ಹೊಣೆ ಯಾರಿಗೆ ಎಂಬ ಪ್ರಶ್ನೆ ಬಂದಾಗ ಲೇಖನಿಗಳನ್ನೆಸೆದು ತೀರ್ಮಾನಿಸಿದ ಪ್ರಸಂಗ ಕುರ್‌ಆನಿನಲ್ಲಿದೆ. ಪ್ರವಾದಿಯವರು ಪ್ರಯಾಣ ಹೊರಡುವಾಗ ಪತ್ನಿಯರಲ್ಲಿ ಯಾರು ಜೊತೆಗೆ ಬರಬೇಕೆಂದು ಚೀಟಿ ಹಾಕುತ್ತಿದ್ದರೆಂದು ಹದೀಸಿನಲ್ಲಿದೆ. ಚೀಟಿಯ ಬಗ್ಗೆ ಫಿಕ್ಹ್ ಪಂಡಿತರಲ್ಲಿ ಭಿನ್ನಾಭಿಪ್ರಾಯವಿದ್ದರೂ, ಅದನ್ನು ಒಪ್ಪಿದವರ ವಾದದ ತಿರುಳು ಸ್ಪಷ್ಟವಾಗಿದೆ. ಹಕ್ಕು ಸಮವಾಗಿದ್ದಲ್ಲಿ ಚೀಟಿ ಹಾಕಬಹುದು, ಏಕೆಂದರೆ ಅದು ಪಕ್ಷಪಾತದ ಕೈಯನ್ನು ಕಟ್ಟುತ್ತದೆ. ಹಕ್ಕು ಯಾರದೆಂದು ಈಗಾಗಲೇ ನಿಶ್ಚಿತವಾಗಿದ್ದಲ್ಲಿ ಚೀಟಿ ಹಾಕುವಂತಿಲ್ಲ, ಅಲ್ಲಿ ಅದು ಜೂಜಾಗುತ್ತದೆ. ಹಾಗಾದರೆ ಫುಟ್‌ಬಾಲಿನಲ್ಲಿ ಕೇಳಬೇಕಾದದ್ದು ಇಷ್ಟೆ. ಇಲ್ಲಿ ಯಾರ ಹಕ್ಕು ಯಾವುದರಲ್ಲಿ ಸಮ?

ಈ ಪ್ರಶ್ನೆಗೆ ಯುರೋಪ್ ಕೊಟ್ಟ ಉತ್ತರ ಕಾಲಕಾಲಕ್ಕೆ ಬದಲಾಗಿದೆ. ಯುರೋಪಿಯನ್ ಕಪ್ 1955ರಲ್ಲಿ ಶುರುವಾಗಿ, ಬೇಗನೆ ಆಯಾ ದೇಶಗಳ ಚಾಂಪಿಯನ್ನರ ಟೂರ್ನಿಯಾಗಿ ನೆಲೆಗೊಂಡಿತು. ದೇಶಕ್ಕೊಂದು ತಂಡ, ಅದರ ಜೊತೆ ಹಿಂದಿನ ವರ್ಷದ ವಿಜೇತ. ಅಲ್ಬೇನಿಯಾದ ಚಾಂಪಿಯನ್ನನಿಗೂ ಸ್ಪೇನಿನ ಚಾಂಪಿಯನ್ನನಿಗೂ ಬಾಗಿಲು ಒಂದೇ. 1992ರಲ್ಲಿ ಅದು ಚಾಂಪಿಯನ್ಸ್ ಲೀಗ್ ಎಂದು ಹೆಸರು ಬದಲಿಸಿಕೊಂಡಿತು. 1997ರಿಂದ ಬಲಿಷ್ಠ ದೇಶಗಳ ಎರಡನೇ ಸ್ಥಾನಿಗೂ, 1999ರಿಂದ ನಾಲ್ಕನೇ ಸ್ಥಾನದವರೆಗೂ ಒಳಗೆ ಜಾಗ ಸಿಕ್ಕಿತು. ಯಾವ ದೇಶಕ್ಕೆ ಎಷ್ಟು ಸೀಟು ಎಂಬುದು ಆ ದೇಶದ ಕ್ಲಬ್ಬುಗಳು ಐದು ವರ್ಷಗಳಲ್ಲಿ ಗಳಿಸಿದ ಅಂಕಗಳಿಂದ ನಿರ್ಧಾರವಾಗುತ್ತದೆ. ಅಂದರೆ ನೆರೆಯವನು ಗೆದ್ದ ಅಂಕದಿಂದ ನಿನಗೆ ಸೀಟು ಸಿಗಬಹುದು. ನಿನ್ನ ದೇಶದಲ್ಲಿ ನೀನೇ ಮೊದಲಿಗನಾಗಿದ್ದರೂ ನೆರೆಯವರು ಸೋತ ಲೆಕ್ಕಕ್ಕೆ ನೀನು ಜುಲೈ ತಿಂಗಳಲ್ಲೇ ಅರ್ಹತಾ ಸುತ್ತು ಆಡಬೇಕಾಗಬಹುದು. ಪ್ರತಿಭೆಗೆ ಕೊಡುವ ಗೌರವ ಇಲ್ಲಿ ಮೆಲ್ಲಗೆ ಹುಟ್ಟಿನ ಗೌರವವಾಗುತ್ತದೆ.

ಈ ಅಸಮತೋಲನ ಕಂಡೇ 2009ರಲ್ಲಿ ಸಣ್ಣ ದೇಶಗಳ ಚಾಂಪಿಯನ್ನರಿಗೆ ಪ್ರತ್ಯೇಕ ಅರ್ಹತಾ ದಾರಿ ಮಾಡಿದರು. ಅವರು ತಮ್ಮೊಳಗೇ ಆಡಿ ಗೆದ್ದು ಬರಲಿ, ದೊಡ್ಡ ದೇಶದ ನಾಲ್ಕನೇ ಸ್ಥಾನಿಯ ಕಾಲಿಗೆ ಸಿಕ್ಕಿ ಹೊರಗೇ ಉಳಿಯದಿರಲಿ ಎಂದು. ಆ ದಾರಿಯಿಂದಲೇ 2021ರಲ್ಲಿ ಮಾಲ್ಡೋವಾದ ಶೆರಿಫ್ ಟಿರಾಸ್ಪೋಲ್ ನಾಲ್ಕು ಸುತ್ತು ದಾಟಿ ಮುಖ್ಯ ಹಂತಕ್ಕೆ ಬಂತು. ಸೆಪ್ಟೆಂಬರ್ 28ರಂದು ಮ್ಯಾಡ್ರಿಡ್‌ನಲ್ಲೇ ರಿಯಲ್ ಮ್ಯಾಡ್ರಿಡ್ ತಂಡವನ್ನು 2-1ರಿಂದ ಸೋಲಿಸಿತು. ಬಾಗಿಲು ತೆರೆದಿದ್ದರೆ ಒಳಗೆ ಬಂದವನು ಏನು ಮಾಡಬಲ್ಲ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕೆ?

ಅದೇ ವರ್ಷದ ಏಪ್ರಿಲ್‌ನಲ್ಲಿ ಬಾಗಿಲನ್ನೇ ಮುಚ್ಚುವ ಪ್ರಯತ್ನವೂ ನಡೆದಿತ್ತು. ಹನ್ನೆರಡು ಶ್ರೀಮಂತ ಕ್ಲಬ್ಬುಗಳು ಸೂಪರ್ ಲೀಗ್ ಘೋಷಿಸಿದವು. ಇಪ್ಪತ್ತು ತಂಡಗಳಲ್ಲಿ ಹದಿನೈದಕ್ಕೆ ಖಾಯಂ ಸ್ಥಾನ, ಉಳಿದ ಐದು ಮಾತ್ರ ಆಡಿ ಬರಬೇಕು. ಸೋತರೂ ಹೊರಹೋಗದ ಹಕ್ಕು! ಅಭಿಮಾನಿಗಳು ಬೀದಿಗಿಳಿದರು. ಎರಡೇ ದಿನಗಳಲ್ಲಿ ಇಂಗ್ಲೆಂಡಿನ ಆರೂ ಕ್ಲಬ್ಬುಗಳು ಹಿಂದೆ ಸರಿದವು. ಆದರೆ ಖಾಯಂ ಸ್ಥಾನವನ್ನು ಅಷ್ಟು ಬೇಗ ಗುರುತಿಸಿ ಸಿಟ್ಟಾದ ನಾವು, ಅದರ ಮೆಲುದನಿಯ ರೂಪವನ್ನು ಗಮನಿಸುವುದಿಲ್ಲ. 2018ರಿಂದ ಆರು ವರ್ಷ ಚಾಂಪಿಯನ್ಸ್ ಲೀಗಿನ ಹಣದಲ್ಲಿ ಶೇಕಡ 30ರಷ್ಟನ್ನು ಕ್ಲಬ್ಬುಗಳ ಹತ್ತು ವರ್ಷದ ಸಾಧನೆಯ ಲೆಕ್ಕದಲ್ಲಿ ಹಂಚಲಾಗುತ್ತಿತ್ತು. ನಿನ್ನೆ ಗೆದ್ದವನಿಗೆ ನಿನ್ನೆಯೇ ಬಹುಮಾನ ಸಿಕ್ಕಿದೆ. ಅದೇ ಗೆಲುವಿಗೆ ಇವತ್ತು ಮತ್ತೆ ಹಣ, ಆ ಹಣದಿಂದ ಒಳ್ಳೆಯ ಆಟಗಾರರು, ಅವರಿಂದ ನಾಳೆಯ ಶ್ರೇಯಾಂಕ. ಸಂಪತ್ತು ಶ್ರೀಮಂತರ ನಡುವೆಯೇ ಸುತ್ತುತ್ತಿರಬಾರದೆಂದು ಕುರ್‌ಆನ್ ಎಚ್ಚರಿಸಿದ್ದು ಇಂಥ ಸುತ್ತಿನ ಬಗ್ಗೆಯೇ ಎನಿಸುತ್ತದೆ.

2024ರಲ್ಲಿ ಬಂದ ಹೊಸ ವ್ಯವಸ್ಥೆಯಲ್ಲಿ 36 ತಂಡಗಳು ಒಂದೇ ಪಟ್ಟಿಯಲ್ಲಿವೆ. ಒಂಬತ್ತೊಂಬತ್ತರ ನಾಲ್ಕು ಬುಟ್ಟಿ ಮಾಡಿ, ಪ್ರತಿ ತಂಡಕ್ಕೂ ಪ್ರತಿ ಬುಟ್ಟಿಯಿಂದ ಇಬ್ಬರು ಎದುರಾಳಿಗಳನ್ನು ಕೊಡುತ್ತಾರೆ, ಒಬ್ಬರೊಡನೆ ತವರಿನಲ್ಲಿ, ಇನ್ನೊಬ್ಬರೊಡನೆ ಹೊರಗೆ. ಬಲಿಷ್ಠನೂ ಬಲಿಷ್ಠರನ್ನು ಎದುರಿಸಲೇಬೇಕು. ಹಳೆಯ ಗುಂಪುಗಳಿಗಿಂತ ಇದು ನ್ಯಾಯಕ್ಕೆ ಒಂದು ಹೆಜ್ಜೆ ಹತ್ತಿರ. ಆದರೂ ಅದೃಷ್ಟವನ್ನು ಅಳಿಸಲಾಗಲಿಲ್ಲ. ಮೊದಲ ವರ್ಷವೇ ಪಟ್ಟಿಯ ತುದಿಯಲ್ಲಿದ್ದ ಲಿವರ್‌ಪೂಲ್‌ಗೆ ಹದಿನೈದನೇ ಸ್ಥಾನದ ಪ್ಯಾರಿಸ್ ಸೇಂಟ್ ಜರ್ಮೈನ್ ಎದುರಾಯಿತು. ಲಿವರ್‌ಪೂಲ್ ಪೆನಾಲ್ಟಿಯಲ್ಲಿ ಸೋತಿತು. ಪ್ಯಾರಿಸ್ ತಂಡ 2025ರ ಮೇ 31ರಂದು ಮ್ಯೂನಿಕ್‌ನಲ್ಲಿ ಇಂಟರ್ ಮಿಲಾನನ್ನು 5-0ರಿಂದ ಮಣಿಸಿ ಕಪ್ ಎತ್ತಿತು. ನಲವತ್ತಾರು ವರ್ಷಗಳ ಲೆಕ್ಕಾಚಾರ ಮತ್ತೆ ಅದೇ ಕಡೆಗೆ ಬಂದು ನಿಂತಿತು. ಇದು ವ್ಯವಸ್ಥೆಯ ಸೋಲೆಂದು ನನಗನಿಸುವುದಿಲ್ಲ. ಅದೃಷ್ಟ ಪೂರ್ತಿ ಅಳಿದರೆ ಆಟದ ಬದಲು ಪಟ್ಟಿಯನ್ನಷ್ಟೇ ಓದಿ ಹೇಳಿದರೆ ಸಾಕಾಗುತ್ತದೆ.

ಇನ್ಸಾಫಿನ ಅರ್ಧ ಎಲ್ಲಕ್ಕಿಂತ ಚೆನ್ನಾಗಿ ಕಾಣುವುದು ಎರಡು ಲೆಗ್‌ಗಳ ಪದ್ಧತಿಯಲ್ಲಿ. ಒಂದು ಪಂದ್ಯ ನಿನ್ನ ಅಂಗಳದಲ್ಲಿ, ಒಂದು ನನ್ನ ಅಂಗಳದಲ್ಲಿ. ಆದರೆ ಅಂಗಳವೇ ಇಲ್ಲದವನ ಗತಿ? 2016ರಲ್ಲಿ ನಮ್ಮ ಬೆಂಗಳೂರು ಎಫ್‌ಸಿ, ಹಿಂದಿನ ವರ್ಷದ ವಿಜೇತ ಮಲೇಷ್ಯಾದ ಜೊಹೋರ್ ತಂಡವನ್ನು ಕಂಠೀರವ ಕ್ರೀಡಾಂಗಣದಲ್ಲಿ 3-1ರಿಂದ ಸೋಲಿಸಿ ಎಎಫ್‌ಸಿ ಕಪ್ ಫೈನಲ್ ತಲುಪಿದ ಮೊದಲ ಭಾರತೀಯ ಕ್ಲಬ್ ಆಯಿತು. ನವೆಂಬರ್ 5ರಂದು ದೋಹಾದಲ್ಲಿ ನಡೆದ ಆ ಒಂದೇ ಪಂದ್ಯದ ಫೈನಲ್‌ನಲ್ಲಿ ಇರಾಕಿನ ಅಲ್ ಕುವ್ವಾ ಅಲ್ ಜವಿಯಾ 1-0ರಿಂದ ಗೆದ್ದಿತು. ನಾವು ಬೇಸರಪಟ್ಟೆವು, ಸಹಜ. ಆದರೆ ಭದ್ರತೆಯ ಕಾರಣಕ್ಕೆ ಇರಾಕಿ ತಂಡಗಳಿಗೆ ಆಗ ತಮ್ಮ ನೆಲದಲ್ಲಿ ಇಂಥ ಪಂದ್ಯ ಆಡುವ ಅವಕಾಶವೇ ಇರಲಿಲ್ಲ. ದೋಹಾ ಅವರ ಪಾಲಿಗೆ ಎರವಲು ತವರು. ಕಂಠೀರವದ ಕೇಕೆಯ ನಡುವೆ ಗೆದ್ದು ಬಂದ ನಮಗೆ ಸಿಕ್ಕ ಅರ್ಧ ಅವರಿಗೆ ಸಿಕ್ಕಿರಲಿಲ್ಲ.

ಇದರ ಎದುರು 2025ನ್ನು ಇಟ್ಟು ನೋಡಿ. ಏಷ್ಯಾದ ಅತ್ಯುನ್ನತ ಕ್ಲಬ್ ಟೂರ್ನಿಯಲ್ಲಿ ಕ್ವಾರ್ಟರ್ ಫೈನಲ್‌ನಿಂದ ಎಲ್ಲ ಪಂದ್ಯಗಳೂ ಜಿದ್ದಾದಲ್ಲಿ, ಒಂದೊಂದೇ ಲೆಗ್‌ನಲ್ಲಿ ನಡೆದವು. ಗೆದ್ದದ್ದು ಜಿದ್ದಾದ್ದೇ ಕ್ಲಬ್ ಅಲ್ ಅಹ್ಲಿ. ಅವರು ಚೆನ್ನಾಗಿ ಆಡಿಯೇ ಗೆದ್ದರು, ಅದರಲ್ಲಿ ಎರಡು ಮಾತಿಲ್ಲ. ಆದರೆ ಫೈನಲ್‌ನಲ್ಲಿ ಸೋತ ಜಪಾನಿನ ಕವಾಸಾಕಿ ತನ್ನ ಅಂಗಳದ ಅರ್ಧವನ್ನು ಕೇಳುವ ಅವಕಾಶವೇ ಆ ನಿಯಮದಲ್ಲಿರಲಿಲ್ಲ. ಪಂದ್ಯದ ಜಾಗವೂ ಒಂದು ಶ್ರೇಯಾಂಕವೇ. ಅದು ಯಾವ ಪಟ್ಟಿಯಲ್ಲೂ ಕಾಣುವುದಿಲ್ಲ, ಅಷ್ಟೆ.

ಹಕ್ಕು ಯಾವುದರಲ್ಲಿ ಸಮ ಎಂಬ ಪ್ರಶ್ನೆಗೆ ನನಗೆ ತೋಚುವ ಉತ್ತರ ಹೀಗಿದೆ. ಒಳಗೆ ಬರುವ ಬಾಗಿಲಿನಲ್ಲಿ, ತನ್ನ ನೆಲದಲ್ಲಿ ಗೆದ್ದ ಪ್ರತಿಯೊಬ್ಬನ ಹಕ್ಕೂ ಸಮ. ಒಳಗೆ ಬಂದ ಮೇಲೆ ಯಾರು ಎಲ್ಲಿ ಕೂರಬೇಕೆಂಬುದಕ್ಕೆ ನಿನ್ನೆಯ ಗೆಲುವು ಸಾಕ್ಷಿ ಹೇಳಲಿ, ಆದರೆ ಅದು ಸಾಕ್ಷಿಯಾಗಿರಲಿ, ಪಿತ್ರಾರ್ಜಿತವಾಗದಿರಲಿ. ಸಾಕ್ಷಿಗೆ ಕಾಲಮಿತಿಯಿರುತ್ತದೆ, ಪಾಟೀಸವಾಲು ಇರುತ್ತದೆ. ಪಿತ್ರಾರ್ಜಿತಕ್ಕೆ ಅದೆರಡೂ ಇಲ್ಲ. ಈ ವ್ಯತ್ಯಾಸ ಫುಟ್‌ಬಾಲಿಗೆ ಮಾತ್ರ ಸೇರಿದ್ದಲ್ಲ ಎಂಬುದು, ಮಕ್ಕಳ ಶಾಲೆಯ ಸೀಟಿಗಾಗಿ ಸಾಲಿನಲ್ಲಿ ನಿಂತವರಿಗೆ ಹೇಳಿಕೊಡಬೇಕಾಗಿಲ್ಲ.

ಅಲ್ ಕುವ್ವಾ ಅಲ್ ಜವಿಯಾ ಅದೇ ಕಪ್ಪನ್ನು 2017ರಲ್ಲೂ 2018ರಲ್ಲೂ ಗೆದ್ದಿತು. ನಿಷೇಧ ಸಡಿಲವಾಗಿದ್ದರಿಂದ 2018ರ ಫೈನಲ್ ಇರಾಕಿನ ಬಸ್ರಾದಲ್ಲೇ ನಡೆಯಿತು. ಎರವಲು ಅಂಗಳದಲ್ಲಿ ಎರಡು ವರ್ಷ ಕಪ್ ಗೆದ್ದವರಿಗೆ ಮೂರನೆಯ ಸಲ ತಮ್ಮ ಜನರೆದುರು ಆಡುವುದು ಸಾಧ್ಯವಾಯಿತು. ಆ ದಿನ ಅವರಿಗೆ ಸಿಕ್ಕಿದ್ದು ರಿಯಾಯಿತಿಯಲ್ಲ, ಬಹಳ ದಿನಗಳಿಂದ ಬಾಕಿಯಿದ್ದ ಅವರ ಅರ್ಧ.