ವಿಷ ತೊಳೆಯುವವರ ಧರ್ಮ

ತನ್ನ ಮನೆಯ ಕಸವನ್ನು ಗುಡಿಸಿ ನೆರೆಯವನ ಅಂಗಳಕ್ಕೆ ತಳ್ಳುವವನನ್ನು ಶುಚಿವಂತನೆಂದು ಯಾರೂ ಹೊಗಳುವುದಿಲ್ಲ. ಅದೇ ಕಾರ್ಯವನ್ನು ಒಂದು ಕಾರಖಾನೆಯೋ ಸರಕಾರವೋ ದೊಡ್ಡ ಪ್ರಮಾಣದಲ್ಲಿ ಮಾಡಿದಾಗ ಮಾತ್ರ ನಮ್ಮ ವಿವೇಕ ಮಂಕಾಗುತ್ತದೆ. ಉದ್ಯಮವು ಬಿಟ್ಟುಹೋದ ವಿಷವನ್ನು ತೆಗೆಯುವಾಗ ಉಂಟಾಗುವ ಅಪಾಯವನ್ನು ಯಾರು ಹೊರಬೇಕು? ಇದು ಕೇವಲ ತಂತ್ರಜ್ಞರ ಪ್ರಶ್ನೆಯಲ್ಲ, ಧರ್ಮದ ಪ್ರಶ್ನೆ.

ಕರಾವಳಿಯ ನಮಗೆ ಇದು ದೂರದ ಮಾತೂ ಅಲ್ಲ. ಕಾಸರಗೋಡಿನ ಗೇರುತೋಟಗಳ ಮೇಲೆ 1970ರ ದಶಕದ ಕೊನೆಯಿಂದ 2000ದವರೆಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸಿಂಪಡಿಸಲಾಯಿತು. ದಕ್ಷಿಣ ಕನ್ನಡ, ಉಡುಪಿ, ಉತ್ತರ ಕನ್ನಡ ಜಿಲ್ಲೆಗಳ ಗೇರು ನೆಡುತೋಪುಗಳೂ ಆ ಸಿಂಪಡಣೆಯನ್ನು ಕಂಡವು. 2011ರ ಮೇ ತಿಂಗಳಿನಲ್ಲಿ ಸರ್ವೋಚ್ಚ ನ್ಯಾಯಾಲಯವು ಅದರ ಉತ್ಪಾದನೆ, ಮಾರಾಟ ಹಾಗೂ ಬಳಕೆಯನ್ನು ನಿಷೇಧಿಸಿತು. ಆದರೆ ನ್ಯಾಯಾಲಯದ ಆಜ್ಞೆಯಿಂದ ಪೀಪಾಯಿಗಳಲ್ಲಿ ಉಳಿದಿದ್ದ ದ್ರವವು ಮಾಯವಾಗಲಿಲ್ಲ. ಅದು ವರ್ಷಗಟ್ಟಲೆ ಉಗ್ರಾಣಗಳಲ್ಲಿಯೇ ಉಳಿಯಿತು. ಮಿಂಚಿನಪದವಿನ ಪಾಳುಬಾವಿಯಲ್ಲಿ ಅದನ್ನು ಹೂಳಲಾಗಿದೆಯೆಂಬ ದೂರು ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯವರೆಗೂ ಹೋಯಿತು. ಬಾವಿಯ ನೀರನ್ನೇ ನಂಬಿ ಬದುಕುವ ನಾಡಿನಲ್ಲಿ ಇಂಥ ಸಂಶಯವೇ ಒಂದು ರೋಗ.

ಹಾಗಾದರೆ ವಿಷವನ್ನು ಬೇರೆಡೆಗೆ ಒಯ್ದರೆ ಸಾಕೇ? ಭೋಪಾಲದ ದುರಂತ ನಡೆದದ್ದು 1984ರ ಡಿಸೆಂಬರಿನಲ್ಲಿ. ಅಲ್ಲಿನ ಕಾರಖಾನೆಯೊಳಗೆ ಉಳಿದಿದ್ದ 337 ಟನ್ ತ್ಯಾಜ್ಯವನ್ನು ಪೀಥಂಪುರಕ್ಕೆ ಸಾಗಿಸಿದ್ದು ನಲವತ್ತು ವರ್ಷಗಳ ಬಳಿಕ, 2025ರ ಜನವರಿಯಲ್ಲಿ. ಆಗ ಪೀಥಂಪುರದ ಜನ ಬೀದಿಗಿಳಿದು ಪ್ರತಿಭಟಿಸಿದರು. ಪ್ರಾಯೋಗಿಕ ಪರೀಕ್ಷೆಗಳ ಅನಂತರ ಅದನ್ನು ಸುಡಲಾಯಿತು. ಉರಿದ ಮೇಲೂ ಬೂದಿ ಉಳಿಯಿತು.

ಪೀಥಂಪುರದವರು ಸ್ವಾರ್ಥಿಗಳೆಂದು ಹೇಳುವುದು ಸುಲಭ. ಪ್ರತಿಯೊಂದು ಊರೂ ಒಲ್ಲೆನೆಂದರೆ ವಿಷವು ಮೊದಲು ನೊಂದವರ ಬಳಿಯಲ್ಲಿಯೇ ಉಳಿಯುತ್ತದೆಂಬುದೂ ಸತ್ಯ. ಆದರೆ ಕೇಳದೆ ಹೊರಿಸಿದ ಭಾರವು ತ್ಯಾಗವಾಗದು. ಅಪಾಯವೆಷ್ಟು, ರಕ್ಷಣೆಯೇನು, ಕೇಡಾದರೆ ಹೊಣೆ ಯಾರದು ಎಂಬುದನ್ನು ಮೊದಲೇ ತಿಳಿಸಿದಾಗ ಮಾತ್ರ ಜನರ ಒಪ್ಪಿಗೆಗೆ ಅರ್ಥವಿರುತ್ತದೆ.

ಅಪಾಯವಿದೆಯೆಂದು ಸುಮ್ಮನಿರುವುದೂ ದಯೆಯಲ್ಲ. ಕೋಲಾರದ ಚಿನ್ನದ ಗಣಿ 2001ರಲ್ಲಿ ಮುಚ್ಚಿತು. ಸೈನೈಡ್ ದಿಬ್ಬಗಳೆಂದು ಜನ ಕರೆಯುವ ಮಣ್ಣಿನ ರಾಶಿಗಳಿಂದ ಗಾಳಿಯ ದಿನಗಳಲ್ಲಿ ಧೂಳು ಮನೆಗಳಿಗೆ ನುಗ್ಗುತ್ತ ಬಂದಿತು. ಮುಟ್ಟದೆ ಬಿಟ್ಟರೆ ನಿಧಾನದ ಕೇಡು, ಅಜಾಗರೂಕತೆಯಿಂದ ಅಗೆದರೆ ಒಮ್ಮೆಲೇ ಕೇಡು. ಆದುದರಿಂದ ತೊಳೆಯಬೇಕೇ ಎಂಬುದಕ್ಕಿಂತ ಹೇಗೆ ತೊಳೆಯಬೇಕೆಂಬುದೇ ಮುಖ್ಯ. ಮಣ್ಣನ್ನು ನೀರು ಚಿಮುಕಿಸಿ ಅಗೆಯಬೇಕು. ಸಾಗಿಸುವ ಲಾರಿಗಳನ್ನು ಮುಚ್ಚಬೇಕು. ಸುತ್ತಲಿನ ಗಾಳಿಯನ್ನೂ ಬಾವಿಗಳ ನೀರನ್ನೂ ಕೆಲಸಕ್ಕೆ ಮೊದಲು, ನಡುವೆ, ಬಳಿಕ ಪರೀಕ್ಷಿಸಿ ಫಲಿತಾಂಶವನ್ನು ಪಂಚಾಯತಿಯ ಗೋಡೆಯ ಮೇಲೆ ಕನ್ನಡದಲ್ಲಿ ಅಂಟಿಸಬೇಕು. ಮಿತಿ ಮೀರಿದರೆ ಕೆಲಸ ನಿಲ್ಲಬೇಕು. ವೆಚ್ಚವನ್ನು ಕೆಡಿಸಿದವರೇ ಕೊಡಬೇಕು.

ಎಲ್ಲಕ್ಕಿಂತ ಮೊದಲು ನೆನೆಯಬೇಕಾದವನು ಗುದ್ದಲಿ ಹಿಡಿದ ಕೂಲಿಕಾರ. ವಿಷಕ್ಕೆ ಅತ್ಯಂತ ಸಮೀಪದಲ್ಲಿರುವವನು ಅವನೇ. ಒಲ್ಲೆನೆನ್ನುವ ಶಕ್ತಿ ಅತ್ಯಲ್ಪವಾಗಿರುವುದೂ ಅವನಿಗೇ. ಮೈಗೆ ತಕ್ಕ ಉಡುಪು, ಮುಖಕ್ಕೆ ರಕ್ಷಣೆ, ಮನೆಗೆ ಹೋಗುವ ಮುನ್ನ ಸ್ನಾನ, ವರ್ಷಗಳ ಕಾಲ ವೈದ್ಯಕೀಯ ತಪಾಸಣೆ ಇವು ಉಪಕಾರವಲ್ಲ, ಅವನ ಹಕ್ಕು. ಕಾಯಕವನ್ನು ಕೊಂಡಾಡಿ ಕಾಯವನ್ನು ಮರೆಯುವುದು ಕಪಟ.

ಕಾಪು ತಾಲೂಕಿನ ಎಲ್ಲೂರಿನಲ್ಲಿ ಕಲ್ಲಿದ್ದಲಿನಿಂದ 1200 ಮೆಗಾವ್ಯಾಟ್ ವಿದ್ಯುತ್ ಉತ್ಪಾದಿಸುವ ಸಾಮರ್ಥ್ಯದ ಸ್ಥಾವರವಿದೆ. ಸುಟ್ಟ ಕಲ್ಲಿದ್ದಲು ಬೂದಿಯನ್ನು ಬಿಡುತ್ತದೆ. ಸ್ಥಾವರಕ್ಕೂ ಒಂದು ದಿನ ಕೊನೆಯಿದೆ. ಆ ದಿನ ನೆಲವನ್ನು ಯಾರು, ಯಾರ ಹಣದಿಂದ, ಯಾರ ಆರೋಗ್ಯವನ್ನು ಕಾಪಾಡುತ್ತ ಶುದ್ಧಗೊಳಿಸುವರೆಂಬ ಕರಾರು ಇಂದೇ ಬರಹದಲ್ಲಿರಬೇಕು. ಮಣಿಪಾಲದಲ್ಲಾಗಲಿ ಕಾರ್ಕಳದಲ್ಲಾಗಲಿ ಗುಂಡಿ ಒತ್ತಿ ದೀಪ ಹಚ್ಚುವ ಪ್ರತಿಯೊಬ್ಬನೂ ಈ ಪ್ರಶ್ನೆಯಲ್ಲಿ ಪಾಲುದಾರ. ಬೆಳಕನ್ನು ಪಡೆದವರು ಬೂದಿಯ ಲೆಕ್ಕವನ್ನೂ ಕೇಳಬೇಕು.